ಒದ್ದೆಯಾದಾಗ ಮಾತ್ರ ಕಾಣುವ ಮಕ್ಕಳು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಯಾರ ಜಾಗ ಯಾವುದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಸರೋವರ ಇರುವ ಕಡೆ ಆಗ ಸಮುದ್ರ ಬೆಚ್ಚಗೆ ಮಲಗಿತ್ತು.

ಆ ಸಮುದ್ರದ ತಳದಲ್ಲಿ ಹವಳಮ್ಮ ಇದ್ದಳು. ಅವಳಿಗೆ ಮೈತುಂಬ ಮಕ್ಕಳು. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಕೋಣೆ, ಕೋಣೆಗೆ ಕೋಣೆ ಅಂಟಿಕೊಂಡಿತ್ತು. ಹಸಿವಾದಾಗ ಮಕ್ಕಳು ಹೊರಗಿಣುಕಿ ಸುತ್ತಲೂ ಬೆರಳು ಚಾಚುತ್ತಿದ್ದರು. ಆಗ ಒಬ್ಬೊಬ್ಬರ ಮುಖವೂ ನಕ್ಷತ್ರದ ಹಾಗೆ ಅರಳುತ್ತಿತ್ತು. ಅದನ್ನು ನೋಡುತ್ತ ಕೂರುವುದೇ ಹವಳಮ್ಮನ ಕೆಲಸ. ಬೇರೆ ಕೆಲಸವಾದರೂ ಏನಿತ್ತು ಅನ್ನಿ, ನಡೆಯಲು ಕಾಲೇ ಇಲ್ಲದವಳು.

ಒಂದು ದಿನ ಸಮುದ್ರ ಹೇಳಿತು, "ನೆಲ ಮೇಲೇಳ್ತಾ ಇದೆ ಕಣಮ್ಮ. ನಾನಿನ್ನು ಹೊರಡಬೇಕು."

ಮೀನುಗಳು ಬಾಲ ಬೀಸಿಕೊಂಡು ಅದರ ಹಿಂದೆಯೇ ಹೊರಟವು. ಹವಳಮ್ಮ ಮಕ್ಕಳನ್ನೆಲ್ಲ ಒಮ್ಮೆ ನೋಡಿದಳು.

"ಇಷ್ಟು ಮಕ್ಕಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗಲಿ? ಬಿಸಿಲಿಗೆ ಒಣಗಿ ಪುಡಿಪುಡಿಯಾಗ್ತಾರಲ್ಲ."

ಪಕ್ಕದಲ್ಲಿದ್ದ ಕೆಸರು ಮೆಲ್ಲಗೆ ಹೇಳಿತು, "ನಾನು ಹೊದ್ದಿಸಿ ಕಾಯ್ತೀನಿ, ತಾಯಿ. ಆದರೆ ನನ್ನೊಳಗೆ ಬಂದವರು ನಿಧಾನವಾಗಿ ಕಲ್ಲಾಗ್ತಾರೆ."

"ಕಲ್ಲಾದರೂ ಆಗಲಿ. ಒಬ್ಬರೂ ಕಳೆದುಹೋಗದಿದ್ದರೆ ಸಾಕು."

ಹವಳಮ್ಮ ಮಕ್ಕಳಿಗೆ ಬುದ್ಧಿ ಹೇಳಿದಳು, "ನೀರು ಬರೋವರೆಗೂ ಯಾರೂ ಮುಖ ತೋರಿಸಬಾರದು." ಆಮೇಲೆ ಕೆಸರು ಹೊದ್ದು ಮಲಗಿದಳು.

ಅವಳು ಮಲಗಿಯೇ ಇದ್ದಳು. ಮೇಲೆ ಬೆಟ್ಟಗಳು ಹುಟ್ಟಿದವು, ಸವೆದವು. ಹಿಮ ಬಂತು, ಕರಗಿತು. ಕೊನೆಗೊಂದು ದಿನ ಬಂಡೆ ಬಿರಿದು, ಹವಳಮ್ಮ ಉರುಳುತ್ತ ಉರುಳುತ್ತ ಒಂದು ಮರಳ ದಡಕ್ಕೆ ಬಂದು ಬಿದ್ದಳು. ಎಚ್ಚರವಾದೊಡನೆ ಮೈ ನೋಡಿಕೊಂಡಳು. ಬರೀ ಬೂದು ಕಲ್ಲು. ಒಂದೇ ಒಂದು ಮುಖವೂ ಇರಲಿಲ್ಲ.

"ಕೆಸರನ್ನ ನಂಬಿ ಕೆಟ್ಟೆ. ನನ್ನ ಮಕ್ಕಳೆಲ್ಲ ಹೋದರು," ಎಂದು ಹವಳಮ್ಮ ಬಿಕ್ಕಿ ಬಿಕ್ಕಿ ಅತ್ತಳು. ತಾನೇ ಹೇಳಿದ್ದ ಮಾತು ಅವಳಿಗೆ ಮರೆತೇ ಹೋಗಿತ್ತು, ಪಾಪ.

ಪಕ್ಕದಲ್ಲಿದ್ದ ನೀರು ಕೇಳಿತು, "ಯಾಕಜ್ಜಿ ಅಳ್ತೀಯಾ? ನಾನು ಸರೋವರ. ಹತ್ತಿರ ಬರಲಾ?"

"ನೀನು ನಮ್ಮ ನೀರಲ್ಲಮ್ಮ. ನಿನ್ನಲ್ಲಿ ಉಪ್ಪೇ ಇಲ್ಲ."

"ಉಪ್ಪಿಲ್ಲ, ನಿಜ. ನಾನು ಮಳೆಗೆ ಹುಟ್ಟಿದವಳು. ಆ ಮಳೇನ ಕಳಿಸಿದ್ದು ನಿಮ್ಮ ಸಮುದ್ರವೇ ಅಜ್ಜಿ."

ಹವಳಮ್ಮ ಬೇಡ ಅನ್ನಲಿಲ್ಲ. ಸರೋವರ ಒಂದು ಪುಟ್ಟ ಅಲೆಯನ್ನು ಅವಳ ಮೈಮೇಲೆ ಹಾಯಿಸಿತು.

ಬೂದು ಕಲ್ಲಿನ ಮೇಲೆ ಒಂದು ನಕ್ಷತ್ರ ಕಂಡಿತು. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ನೋಡನೋಡುತ್ತ ಮೈಯೆಲ್ಲ ಮುಖಗಳು.

"ಎಲ್ಲಿ ಹೋಗಿದ್ರೋ ಇಷ್ಟು ಹೊತ್ತು?"

"ಎಲ್ಲೂ ಹೋಗಿಲ್ಲಮ್ಮ," ಎಂದಿತು ತುದಿಯ ಕೋಣೆಯ ಮಗು. "ನೀರು ಬರೋವರೆಗೂ ಅಂತ ನೀನೇ ಹೇಳಿದ್ದೆಯಲ್ಲ."

ಒಂದು ಕೋಣೆಯೂ ಖಾಲಿ ಇರಲಿಲ್ಲ. ಹವಳಮ್ಮನ ಎದೆಯ ಭಾರವೆಲ್ಲ ಇಳಿಯಿತು. ಅಷ್ಟು ಹಗುರವಾಗಿ ಅವಳು ಸಮುದ್ರದಲ್ಲೂ ಉಸಿರಾಡಿರಲಿಲ್ಲ.

ಅದಕ್ಕೇ ಇವತ್ತಿಗೂ, ಆ ಸರೋವರದ ದಡದಲ್ಲಿ ಸಿಕ್ಕ ಬೂದು ಕಲ್ಲು ಹವಳವೋ ಅಲ್ಲವೋ ಎಂದು ತಿಳಿಯದಿದ್ದರೆ ಅದನ್ನೊಮ್ಮೆ ನೀರಿನಲ್ಲಿ ಅದ್ದಿ ನೋಡಿ: ಹವಳಮ್ಮನ ಮನೆಯದಾದರೆ, ಮಕ್ಕಳೆಲ್ಲ ಮುಖ ತೋರಿಸುತ್ತಾರೆ.