ಮೊದಲು ಯಾರ ಖಾತೆ?

ಒಂದು ವಿಶ್ವವಿದ್ಯಾಲಯದ ಇಮೇಲ್ ಖಾತೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕುಬೇರಪ್ಪ. ಸಾವಿರಾರು ಖಾತೆಗಳ ಬೀಗ ಅವನ ಕೈಯಲ್ಲಿತ್ತು. ಎದೆಯಲ್ಲಿ ಮಾತ್ರ ಗುಬ್ಬಚ್ಚಿಯ ಧೈರ್ಯ.

ಒಂದು ಬೆಳಿಗ್ಗೆ ಕುಲಸಚಿವ ಚಂದ್ರಮೌಳಿಯವರು ಅವನ ಕೋಣೆಗೆ ಬೆಂಕಿಯಂತೆ ನುಗ್ಗಿದರು. "ಹಾಸ್ಟೆಲ್ ಊಟದಲ್ಲಿ ಹುಳ ಅಂತ ಯಾರೋ ಹುಡುಗಿಯರು ನನ್ನ ಮೇಲೆ ದೂರು ಬರೆದಿದ್ದಾರೆ. ಸಂಜೆಯೊಳಗೆ ಎಲ್ಲರ ಖಾತೆಯೂ ತೆರೆದಿರಬೇಕು. ಬರೆದವರನ್ನು ಹೊರಗೆ ಹಾಕ್ತೀನಿ. ಆಗಲ್ಲ ಅಂದ್ರೆ ಮೊದಲು ನೀನು ಹೊರಗೆ!"

ಕುಬೇರಪ್ಪ ಲೆಕ್ಕ ಹಾಕಿದ. ತೆರೆದರೆ ಆ ಹುಡುಗಿಯರ ಓದು ಮಣ್ಣುಪಾಲು, ತೆರೆಯದಿದ್ದರೆ ತನ್ನ ಅನ್ನಕ್ಕೆ ಕಲ್ಲು.

ಸಂಜೆ ಸಾಹೇಬರು ಬಂದಾಗ ಗೋಡೆಯ ಮೇಲೆ ದೊಡ್ಡ ಪರದೆ ಬೆಳಗುತ್ತಿತ್ತು. ಕಚೇರಿಯವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಇದೇನಯ್ಯ ಇಷ್ಟು ಜನ?"

"ಸರ್, ಎಲ್ಲರದೂ ತೆರೆಯೋ ಮುಂಚೆ ಒಂದು ಖಾತೆ ತೆರೆದು ಪರೀಕ್ಷೆ ಮಾಡ್ಬೇಕು. ಬೇರೆಯವರದ್ದು ಮುಟ್ಟೋಕೆ ನನಗೆ ಭಯ. ಅದಕ್ಕೇ ಮೊದಲು ತಮ್ಮದೇ ತೆರೀತಿದ್ದೀನಿ. ಇವರೆಲ್ಲ ಸಾಕ್ಷಿಗೆ. ಒತ್ತಲಾ ಸರ್?"

ಗುಂಡಿಯ ಮೇಲಿನ ಅವನ ಬೆರಳು ಈಗ ಒತ್ತೀತು, ಆಗ ಒತ್ತೀತು ಅನ್ನುವಂತೆ ಗಡಗಡ ಅದುರುತ್ತಿತ್ತು.

ಸಾಹೇಬರ ಮುಖ ಬಿಳಿಚಿಕೊಂಡಿತು. "ತಾಳಯ್ಯ, ತಾಳು! ಬೆರಳು ತೆಗಿ!" ಎಂದು ಹಾರಿ ಬಂದು ಅವನ ಕೈ ಹಿಡಿದುಕೊಂಡರು. ಆಮೇಲೆ ಹಣೆ ಒರೆಸಿಕೊಂಡು, "ಇನ್ನೊಬ್ಬರ ಕಾಗದ ಓದೋದು ತಪ್ಪಲ್ವೇನಯ್ಯ?" ಎನ್ನುತ್ತ ಹೊರಟೇ ಹೋದರು.

ದೂರಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅವರ ಖಾತೆಯಲ್ಲಿ ಏನಿತ್ತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಏನೋ ಇತ್ತು ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತಾಯಿತು.