ತಡೆಗೋಡೆಯಿಲ್ಲದ ಸೇತುವೆ

ಕಲ್ಲಿನ ಹಳೆಯ ಸೇತುವೆಯ ಪಕ್ಕದಲ್ಲೇ ಎತ್ತರದ ಕಾಂಕ್ರೀಟ್ ಸೇತುವೆಯೊಂದು ಎದ್ದಿತು.

“ಏನಜ್ಜಾ, ಇಷ್ಟು ಕುಳ್ಳು! ತಡೆಗೋಡೆಯೂ ಇಲ್ಲ. ಕಟ್ಟುವಾಗ ಕಲ್ಲು ಸಾಲಲಿಲ್ಲವೋ?” ಎಂದಿತು ಹೊಸದು.

“ನೆರೆ ಬಂದಾಗ ಹೊಳೆಯೂ ನನ್ನನ್ನು ದಾಟಬೇಕಲ್ಲಪ್ಪಾ.”

ಶ್ರಾವಣದಲ್ಲಿ ಹಳೆಯದು ಪೂರ್ತಿ ಮುಳುಗಿತು. ನೆರೆ ನೋಡಲು ಜನ ಹೊಸ ಸೇತುವೆಯ ಮೇಲೆ ಸೇರಿದರು. ಆಗ ನೀರಿನಡಿಯಿಂದ ದನಿ ಬಂತು.

“ತಮ್ಮಾ, ನಿನ್ನ ಕಾಲಡಿಯ ಮರಳೆಲ್ಲ ನನ್ನ ಮೇಲೆ ಹರಿದುಹೋಗ್ತಿದೆ. ಒಮ್ಮೆ ನಡುಗಿಬಿಡು, ಜನ ಹೆದರಿ ಓಡಲಿ.”

“ಇಷ್ಟು ಜನರೆದುರು ನಡುಗುವುದೇ? ನನ್ನ ಮರ್ಯಾದೆ ಏನಾದೀತು?” ಎಂದು ಹೊಸದು ಅಲುಗದೆ ನಿಂತಿತು.

ನೆರೆ ಇಳಿದಾಗ ಹಳೆಯ ಸೇತುವೆ ಕೆಸರು ಹೊದ್ದು ಮೇಲೆ ಬಂತು. ಪಕ್ಕದಲ್ಲಿ ಹೊಸದು ನಿಂತಿದ್ದ ಕಡೆ ಬರೀ ಆಕಾಶವಿತ್ತು. ಬದುಕಿದವರು ಯಾರೂ ಇನ್ನೂ ಕಾಲಿಡದ ಆ ಕೆಸರಿನ ತುಂಬ ಹೆಜ್ಜೆಗುರುತುಗಳಿದ್ದವು. ಒಂದೂ ದಡ ಮುಟ್ಟಿರಲಿಲ್ಲ.