ಎರೆಗುಂದಿಯ ಮಚ್ಚೆನಾಲಿಗೆ ಮಾಸ್ತರರು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನಮ್ಮಜ್ಜನಿಗೂ ಅದು ಯಾರೋ ಹೇಳಿ ಕೇಳಿದ ಮಾತೇ, ಎರೆಗುಂದಿ ಅನ್ನುವ ಒಂದು ಊರಿನಲ್ಲಿ ಅಡಿವೆಪ್ಪ ಮಾಸ್ತರರು ಅಂತ ಒಬ್ಬರಿದ್ದರು. ಸುತ್ತ ಕಣ್ಣು ಹಾಯುವ ತನಕ ಕರೀ ಹೊಲ, ನಡುವೆ ಊರು, ಊರ ಹೊರಗೆ ಹೆಂಚಿನ ಹೈಸ್ಕೂಲು. ಕಾಲೇಜು ಕಾಣಬೇಕಾದರೆ ಪೇಟೆಗೆ ಹೋಗಬೇಕು. ಪೇಟೆಗೆ ಹೋಗಬೇಕಾದರೆ ಹತ್ತಿಯ ಗಾಡಿ ಹಿಡಿಯಬೇಕು, ಇಲ್ಲ ನಡೆಯಬೇಕು. ಅಂಥ ಕಾಲ.

ಮಾಸ್ತರರ ನಾಲಿಗೆಯ ಮೇಲೆ ಕರೀ ಮಚ್ಚೆ ಇತ್ತಂತೆ. ಅವರು ನುಡಿದದ್ದು ನಡೆಯುತ್ತಿತ್ತಂತೆ. ಇತ್ತು, ನಾನೇ ಕಂಡಿದ್ದೆ ಅನ್ನುವ ಮುದುಕರು ಇದ್ದರು. ಇರಲಿಲ್ಲ, ಅದು ಎಲೆ ಅಡಿಕೆಯ ಕಲೆ ಅನ್ನುವವರೂ ಇದ್ದರು. ಒಟ್ಟಿನಲ್ಲಿ ಊರು ನಂಬಿತ್ತು. ಮಾತಿಗೆ ಮಾತು ಕೊಡುತ್ತಿದ್ದ ಹುಡುಗನೊಬ್ಬನಿಗೆ ಒಮ್ಮೆ ಬೇಸತ್ತು, ನೀನು ವಕೀಲನೇ ಆಗು ಮಾರಾಯ ಅಂದಿದ್ದರಂತೆ. ಅವನು ವಕೀಲನಾದ. ಶಾಲೆಯ ಗೋಡೆಯ ಮೇಲೆ ಇದ್ದಿಲಲ್ಲಿ ಚಿತ್ರ ಬರೆದವನಿಗೆ ಬೆತ್ತ ತೋರಿಸಿ, ಪೇಟೆಯ ಬೋರ್ಡು ಬರೆಯೋಕೆ ಹೋಗು ಅಂದಿದ್ದರಂತೆ. ಅವನು ಅದನ್ನೇ ಬರೆದು ಹೆಸರು ಮಾಡಿದ. ಅಲ್ಲಿಂದ ಶುರುವಾಯಿತು. ಮೆಟ್ರಿಕ್ ಪರೀಕ್ಷೆ ಹತ್ತಿರ ಬಂದರೆ ಸಾಕು, ಅಪ್ಪ ಅವ್ವಂದಿರು ಮಕ್ಕಳನ್ನು ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಮಾಸ್ತರರ ಕಟ್ಟೆಯ ಮುಂದೆ ತಂದು ನಿಲ್ಲಿಸುತ್ತಿದ್ದರಂತೆ. ಮುಂದೆ ಇವನು ಏನು ಓದಬೇಕು ಹೇಳಿ, ಏನಾಗುತ್ತಾನೆ ನುಡಿಯಿರಿ ಅಂತ.

ಮೊದಮೊದಲು ಮಾಸ್ತರರು ನಗುತ್ತಲೇ ನುಡಿದರು. ಆಮೇಲೆ ನಗು ನಿಂತಿತು. ಯಾಕೆ ನಿಂತಿತು ಅಂದರೆ, ಒಂದು ಸಲ ಪೇಟೆಯ ಕಚೇರಿಯೊಂದರಲ್ಲಿ ಅವರ ಹಳೆಯ ವಿದ್ಯಾರ್ಥಿ ಈರಪ್ಪ ಸಿಕ್ಕ. ಸಣ್ಣವನಿದ್ದಾಗ ದನದ ಮೈ ಮುಟ್ಟಿ ಅದಕ್ಕೆ ಜ್ವರ ಅಂತ ಹೇಳುತ್ತಿದ್ದ ಹುಡುಗ. ಈಗ ಗುಮಾಸ್ತನಾಗಿದ್ದ. ಚೆನ್ನಾಗಿದ್ದೀಯಾ ಅಂತ ಕೇಳಿದರೆ, ನೀವು ಹೇಳಿದ್ದಿರಲ್ಲ ಸರ, ಅದಕ್ಕೆ ಇದೇ ಆದೆ ಅಂದನಂತೆ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಮುಖದಲ್ಲಿ ಬೆಳಕೂ ಇರಲಿಲ್ಲ. ಮಾಸ್ತರರು ಊರಿಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡಿದರಂತೆ. ನಾನು ನುಡಿದದ್ದು ನಡೆಯುತ್ತಿಲ್ಲ, ನಾನು ನುಡಿದೆ ಅಂತ ಈ ಮಕ್ಕಳು ಹಾಗೆ ನಡೆಯುತ್ತಿದ್ದಾರೆ. ಅಷ್ಟೇ. ಅದು ಹೊಳೆದ ಮೇಲೆ ಅವರಿಗೆ ತಮ್ಮ ಬಾಯಿಯದೇ ಭಯವಾಯಿತು. ಕ್ಲಾಸಿನಲ್ಲಿ ಶಹಬ್ಬಾಸ್ ಅನ್ನಲೂ ಹೆದರುತ್ತಿದ್ದರಂತೆ. ಕಟ್ಟೆಯ ಮುಂದೆ ಬಂದವರಿಗೆ ಕೈ ಮುಗಿದು ಒಳಗೆ ಹೋಗಿಬಿಡುತ್ತಿದ್ದರಂತೆ. ಮಾಸ್ತರರು ಮೌನವ್ರತ ಹಿಡಿದಿದ್ದಾರೆ ಅಂತ ಊರು ಅದಕ್ಕೂ ಒಂದು ಕಥೆ ಕಟ್ಟಿತು.

ಆ ವರ್ಷ ಊರ ಗೌಡರಾದ ನಿಂಗನಗೌಡರ ಮಗಳು ದಾಕ್ಷಾಯಣಿ ಮೆಟ್ರಿಕ್ಕಿನಲ್ಲಿದ್ದಳು. ಗೌಡರ ಹೆಂಡತಿ ಹಿಂದೆ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಡಾಕ್ಟರನ್ನು ಕರೆತರಲು ಹೋದ ಗಾಡಿ ಹಸೀ ಎರೆಮಣ್ಣಿನಲ್ಲಿ ಅಚ್ಚಿನ ತನಕ ಹೂತು, ಎತ್ತು ಬಿಚ್ಚಿ ಇನ್ನೊಂದು ಗಾಡಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಗೌಡರ ಮನಸ್ಸಿನಲ್ಲಿ ಒಂದೇ ಹಟ. ಮಗಳು ಡಾಕ್ಟರ್ ಆಗಬೇಕು, ಇದೇ ಊರಿನಲ್ಲಿ ಕೂರಬೇಕು. ಅವರ ಆಸೆಯನ್ನು ತಪ್ಪು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ?

ಗೌಡರು ಒಂದು ದಿನ ಮಗಳನ್ನು ಕರೆದುಕೊಂಡು, ಮಾಸ್ತರರ ಕಟ್ಟೆಯ ಮುಂದೆ ಜನರ ನಡುವೆಯೇ ಬಂದು ನಿಂತರಂತೆ.

"ಮಾಸ್ತರ, ನಾ ನಿಮಗ ಏನೂ ಕೇಳಿಲ್ಲ ಇಲ್ಲೀತನ. ಈಗ ಕೇಳತೀನಿ. ನನ್ನ ಮಗಳು ಡಾಕ್ಟರ್ ಆಗ್ತಾಳ ಅಂತ ಒಂದು ಮಾತು ಅನ್ರಿ. ಅಷ್ಟ ಸಾಕು."

ಮಾಸ್ತರರು ಹುಡುಗಿಯ ಮುಖ ನೋಡಿದರು. ಅಲ್ಲಿ ಬೇಕು ಅಂತಲೂ ಇರಲಿಲ್ಲ, ಬೇಡ ಅಂತಲೂ ಇರಲಿಲ್ಲ. ಹೆದರಿಕೆ ಒಂದೇ ಇತ್ತು. ಅವರು ಬಾಯಿ ಬಿಡಲಿಲ್ಲ. ಗೌಡರು ಕಾದರು, ಜನ ಕಾದರು. ಕೊನೆಗೆ ಗೌಡರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಹೊರಟುಹೋದರಂತೆ. ಮಾಸ್ತರರು ನುಡಿಯಲಿಲ್ಲ ಅಂದರೆ ಹುಡುಗಿಗೆ ಏನೋ ಕೆಟ್ಟದ್ದು ಕಾದಿದೆ ಅಂತ ಹೆಂಗಸರು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದರಂತೆ.

ಆ ಪಿಸುಮಾತು ದಾಕ್ಷಾಯಣಿಯ ಕಿವಿಗೂ ಬಿತ್ತು. ಅವಳು ಊಟ ಬಿಟ್ಟಳು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲರೂ ಹೋಗುವ ತನಕ ಬಾಗಿಲ ಹತ್ತಿರ ನಿಂತಿದ್ದು, ಮಾಸ್ತರರನ್ನು ಕೇಳಿದಳಂತೆ.

"ಸರ, ನನಗ ಏನು ಆಗಬೇಕು ಅಂತ ಗೊತ್ತ ಇಲ್ರಿ. ಉಳಿದೋರಿಗೆಲ್ಲ ಗೊತ್ತೈತಿ. ನೀವ ಹೇಳಿಬಿಡ್ರಿ. ಏನ್ ಹೇಳಿದ್ರೂ ಹಂಗ ಮಾಡತೀನಿ."

ಏನ್ ಹೇಳಿದ್ರೂ ಹಂಗ ಮಾಡತೀನಿ. ಆ ಮಾತು ಕೇಳಿ ಮಾಸ್ತರರಿಗೆ ಈರಪ್ಪನ ಮುಖ ಕಣ್ಣ ಮುಂದೆ ಬಂತು. ಡಾಕ್ಟರ್ ಆಗು ಅಂದರೆ ಇವಳು ಆಗುತ್ತಾಳೆ, ಬೇಡ ಅಂದರೆ ಬಿಡುತ್ತಾಳೆ, ಎರಡೂ ತನ್ನ ಬಾಯಿಂದಲೇ. ಅವರು ಏನೂ ಹೇಳದೆ ಕಪ್ಪು ಹಲಗೆ ಒರೆಸುತ್ತ ನಿಂತರು. ತಿರುಗಿ ನೋಡಿದಾಗ ಹುಡುಗಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲೂ ಇರಲಿಲ್ಲ.

ಊರೆಲ್ಲ ಎದ್ದಿತು. ಹೊಲಗಳಲ್ಲಿ ಹುಡುಕಿದರು, ಹತ್ತಿಯ ರಾಶಿಗಳ ಹಿಂದೆ ಹುಡುಕಿದರು, ಹಳ್ಳದ ಉದ್ದಕ್ಕೂ ಹೆಸರು ಹಿಡಿದು ಕರೆದರು. ಆಮೇಲೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಕಾಲೂ ಬಾವಿಗಳ ಕಡೆಗೆ ತಿರುಗಿದವು. ಕೊಕ್ಕೆಗಳ ಪಾತಾಳಗರಡಿ ತಂದು ಒಂದೊಂದೇ ಬಾವಿಗೆ ಬಿಟ್ಟರು. ಹಗ್ಗ ಇಳಿಯುವಾಗಲೆಲ್ಲ ಗೌಡರು ಬಾವಿಯ ದಂಡೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಒಂದು ಬಾವಿಯಲ್ಲಿ ಗರಡಿಗೆ ಏನೋ ಭಾರ ಸಿಕ್ಕಿತು. ಎಳೆದರು. ಹರಿದ ಗೋಣಿಚೀಲ.

ಮಾಸ್ತರರು ಪ್ರತಿ ಬಾವಿಯ ಹತ್ತಿರವೂ ಹೋದರು. ಯಾರೂ ಅವರನ್ನು ಬಯ್ಯಲಿಲ್ಲ. ಯಾರೂ ಅವರ ಕಡೆ ನೋಡಲೂ ಇಲ್ಲ. ಮಾತಾಡಿ ಒಬ್ಬನನ್ನು ಕೆಡಿಸಿದೆ, ಮಾತಾಡದೆ ಇವಳನ್ನು ಕಳೆದೆ, ಮೌನವೂ ಒಂದು ಮಾತೇ ಅಂತ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತೇ ಅಂತ ಅವರು ಒಳಗೊಳಗೇ ಬೆಂದರಂತೆ. ಹುಡುಗಿ ಕೇಳಿದ್ದು ಭವಿಷ್ಯವನ್ನಲ್ಲ, ಜೊತೆಗೊಬ್ಬರನ್ನು. ಕೂತ್ಕೋ ತಂಗಿ ಅಂದಿದ್ದರೂ ಸಾಕಿತ್ತು. ಆ ಒಂದು ದಿನದಲ್ಲಿ ಅವರ ತಲೆ ಪೂರ್ತಿ ಬೆಳ್ಳಗಾಯಿತು ಅಂತಾರೆ. ಆಗಿರಬಹುದು, ಆಗಿರದೆಯೂ ಇರಬಹುದು.

ಅದರ ಮರುದಿನ ಹೊತ್ತು ಇಳಿಯುವಾಗ, ಹತ್ತಿ ಇಳಿಸಿ ಪೇಟೆಯಿಂದ ಬರಿದಾಗಿ ಬರುತ್ತಿದ್ದ ಗಾಡಿಗಳ ಸಾಲು ಕಂಡಿತು. ಕೊನೆಯ ಗಾಡಿಯ ಹಿಂದೆ, ಮೊಳಕಾಲ ತನಕ ಧೂಳು ಮೆತ್ತಿಕೊಂಡು, ದಾಕ್ಷಾಯಣಿ ನಡೆದು ಬರುತ್ತಿದ್ದಳು.

ಗೌಡರು ಓಡಿದರು. ಮಗಳ ತೋಳು ಹಿಡಿದರು. ಹೊಡೆಯೋಕೋ ಅಪ್ಪಿಕೊಳ್ಳೋಕೋ ಅವರಿಗೇ ಗೊತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಅವರು ಬಾಯಿ ತೆರೆಯುವ ಮೊದಲು ಮಾಸ್ತರರು ನಡುವೆ ಬಂದರಂತೆ. ಎಷ್ಟೋ ಕಾಲದ ಮೇಲೆ ಜನ ಅವರ ದನಿ ಕೇಳಿದ್ದು.

"ಗೌಡ್ರ, ಮೊದಲು ಕೂಸು ಉಣ್ಣಲಿ. ಕೇಳೂದು ಆಮ್ಯಾಲಿರಲಿ."

ಉಂಡಳು. ರೊಟ್ಟಿ, ಪುಂಡಿಪಲ್ಯೆ, ಮಜ್ಜಿಗೆ. ಊರು ಹೊರಗೆ ನಿಂತು ಕಾಯಿತು. ಕೈ ತೊಳೆದ ಮೇಲೆ ಅವಳೇ ಹೇಳಿದಳು. ಹತ್ತಿಯ ಗಾಡಿಗಳ ಹಿಂದೆ ಬೆಳಗಿನ ಮಂಜಿನಲ್ಲಿ ಯಾರಿಗೂ ಕಾಣದಂತೆ ಪೇಟೆಗೆ ನಡೆದಿದ್ದಳು. ಡಾಕ್ಟರು ಅಂದರೆ ಏನು ಮಾಡುತ್ತಾರೆ ಅಂತ ನೋಡೋಣ ಅಂತ ಆಸ್ಪತ್ರೆಯ ಪಡಸಾಲೆಯಲ್ಲಿ ಹಗಲೆಲ್ಲ ಕೂತಿದ್ದಳು. ಬಾಣಂತಿಯೊಬ್ಬಳ ತಾಯಿ ಇವಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಿದ್ದಳು. ಬೆಳಗಾದ ಮೇಲೆ ಕಾಲೇಜು ಹುಡುಕಿಕೊಂಡು ಹೋಗಿ, ಒಳಗೆ ಬಿಡದಿದ್ದರೆ ಇರಲಿ ಅಂತ ಕಿಟಕಿಗಳ ಹೊರಗೆ ನಿಂತು ಒಂದೊಂದೇ ತರಗತಿ ಕೇಳಿದ್ದಳು.

"ರಕ್ತ ನೋಡಿ ಅಂಜಿಕಿ ಆಗಲಿಲ್ಲಪ್ಪ. ಆದ್ರ ಅಲ್ಲಿ ಕುಂದರಬೇಕು ಅಂತ ಅನ್ನಿಸಲಿಲ್ಲ. ಕಾಲೇಜಿನ್ಯಾಗ ಒಬ್ಬರು ಗಾಜಿನ ಭರಣಿಯೊಳಗ ಮಣ್ಣು ಇಟಗೊಂಡು ಪಾಠ ಮಾಡಾಕತ್ತಿದ್ರು. ನಮ್ಮ ಎರೀನೂ ಇತ್ತು ಅದರಾಗ. ಅಲ್ಲಿಂದ ಕಾಲು ಕೀಳಾಕ ಮನಸ ಬರಲಿಲ್ಲ."

"ಮಣ್ಣು ಓದಿ ಏನಾಗ್ತಿ?" ಅಂದರು ಗೌಡರು.

"ಗೊತ್ತಿಲ್ಲಪ್ಪ."

ಗೌಡರು ಮಾಸ್ತರರ ಕಡೆ ತಿರುಗಿದರು. ಇಷ್ಟು ದಿನ ತಡೆದಿದ್ದೆಲ್ಲ ಆ ನೋಟದಲ್ಲಿತ್ತು. ಈಗಲಾದರೂ ನುಡಿಯಿರಿ, ಈ ಹುಡುಗಿ ಏನಾಗುತ್ತಾಳೆ ಹೇಳಿ ಅಂತ ಅಂಗಲಾಚಿದರು.

"ನನಗೂ ಗೊತ್ತಿಲ್ರಿ ಗೌಡ್ರ," ಅಂದರಂತೆ ಮಾಸ್ತರರು. "ಈರಪ್ಪಂದು ನನಗ ಗೊತ್ತೈತಿ ಅಂದಿದ್ದೆ, ಗೊತ್ತಿರಲಿಲ್ಲ. ಯಾರದೂ ಗೊತ್ತಿಲ್ಲ ನನಗ. ಆದ್ರ ಈಕಿ ಹೋಗಿ ನೋಡಿ ಬಂದಾಳ. ನಾವ್ಯಾರೂ ನೋಡಿಲ್ಲ."

ಗೌಡರು ಎಷ್ಟೋ ದಿನ ಮಗಳ ಜೊತೆ ಸರಿಯಾಗಿ ಮಾತೂ ಆಡಲಿಲ್ಲವಂತೆ. ಆದರೆ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ತಾವೇ ಗಾಡಿ ಹೂಡಿ ಅವಳನ್ನು ಕಾಲೇಜಿಗೆ ಬಿಟ್ಟು ಬಂದರು. ಮುಂದಿನ ವರ್ಷ ಪರೀಕ್ಷೆಗೆ ಮುಂಚೆ ಅದೇ ಗಾಡಿಯನ್ನು ಶಾಲೆಯ ಮುಂದೆ ತಂದು ನಿಲ್ಲಿಸಿ, ಈ ಸಲದ ಮಕ್ಕಳನ್ನು ಕರೆದುಕೊಂಡು ಹೋಗಿ ಮಾಸ್ತರ, ಯಾರೂ ಕದ್ದು ಹೋಗೋದು ಬೇಡ ಅಂದರಂತೆ. ಮಾಸ್ತರರು ಕರೆದುಕೊಂಡು ಹೋದರು. ಕೋರ್ಟು, ಆಸ್ಪತ್ರೆ, ಹತ್ತಿಯ ಗಿರಣಿ, ಪುಸ್ತಕ ಅಚ್ಚು ಹಾಕುವ ಮನೆ, ಕಾಲೇಜು. ಎಲ್ಲಿಯೂ ಏನೂ ನುಡಿಯಲಿಲ್ಲ. ಸುಮ್ಮನೆ ಜೊತೆಗೆ ಕೂತರು. ಕುಂಬಾರ ಮಲ್ಲವ್ವನ ಮಗಳು ತಂಗೆವ್ವ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವಳು, ಹೊರಡೋಣ ಅಂದರೂ ಏಳಲಿಲ್ಲವಂತೆ. ಮುಂದೆ ಎರೆಗುಂದಿಗೆ ಡಾಕ್ಟರಾಗಿ ಬಂದವಳು ಅವಳು. ಅವಳಿಗೆ ದವಾಖಾನೆ ನಡೆಸಲು ನಿಂಗನಗೌಡರು ತಮ್ಮ ಮನೆಯ ತಲಬಾಗಿಲ ಪಕ್ಕದ ಕೋಣೆ ಬಿಟ್ಟುಕೊಟ್ಟರು ಅಂತಾರೆ.

ದಾಕ್ಷಾಯಣಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳು ತೋರಿಸಿದ ಕಡೆ ಅಗೆದರೆ ಸಿಹಿನೀರು ಬರುತ್ತಿತ್ತು ಅನ್ನುವವರಿದ್ದಾರೆ. ದೂರದ ಯಾವುದೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಳು ಅನ್ನುವವರಿದ್ದಾರೆ. ನಡುವೆ ಓದು ಬೇಸರವಾಗಿ ಒಂದು ವರ್ಷ ಮನೆಯಲ್ಲಿ ಕೂತಿದ್ದಳು, ಆಗಲೂ ಮಾಸ್ತರರು ಬಂದು ಜೊತೆಗೆ ಕೂತು ಹೋಗುತ್ತಿದ್ದರು ಅಂತಲೂ ಹೇಳುತ್ತಾರೆ. ಯಾವುದು ನಿಜವೋ. ಎಲ್ಲವೂ ಇರಬಹುದು.

ಈಗ ಊರಿಗೆ ಟಾರು ರಸ್ತೆ ಬಂದಿದೆ, ಬಸ್ಸು ಬಂದಿದೆ. ಆದರೂ ಪರೀಕ್ಷೆಗೆ ಮುಂಚೆ ಒಂದು ದಿನ ಎರೆಗುಂದಿಯ ಮಕ್ಕಳು ಪೇಟೆಗೆ ನೋಡಲು ಹೋಗುತ್ತಾರೆ. ಅವತ್ತು ಅಡಿವೆಪ್ಪ ಮಾಸ್ತರರ ದಿನ. ಮಕ್ಕಳು ಹೋದ ಮೇಲೆ ಮನೆಮನೆಯಲ್ಲೂ ಒಂದು ಥರ ಕಳವಳ, ಒಲೆ ಹಚ್ಚಿದವರಿಗೆ ಉಪ್ಪು ಹಾಕಿದ್ದು ನೆನಪಿರುವುದಿಲ್ಲ. ಸಂಜೆ ಎಲ್ಲರೂ ಬಂದು ರಸ್ತೆಯ ಬದಿಗೆ ನಿಲ್ಲುತ್ತಾರೆ. ಮಕ್ಕಳು ಇಳಿಯುತ್ತಾರೆ. ಏನು ನೋಡಿದೆ, ಏನಾಗುತ್ತೀ ಅಂತ ಯಾವ ತಂದೆಯೂ ಕೇಳುವುದಿಲ್ಲ, ಎಷ್ಟು ಕಷ್ಟವಾದರೂ ಕೇಳುವುದಿಲ್ಲ. ಕೈಕಾಲು ತೊಳೆಸುತ್ತಾರೆ. ತಟ್ಟೆ ಹಾಕುತ್ತಾರೆ. ಉಂಡು ಕೈ ತೊಳೆದ ಮೇಲೆ ಮಗು ತಾನಾಗಿ ಬಾಯಿ ಬಿಟ್ಟರೆ ಕೇಳಿಸಿಕೊಳ್ಳುತ್ತಾರೆ. ಬಿಡದಿದ್ದರೆ ಹಾಸಿಗೆ ಹಾಸಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರುತ್ತಾರೆ.